ಮೊದಲು ನೀರು, ಆಮೇಲೆ ಬಣ್ಣ: ಮಾರುವ ಮುಂಚೆ ಹಳೇ ಮನೆ ರಿಪೇರಿ

ಮನೆ ನೋಡಲು ಬಂದವರು ಮೊದಲು ಏನು ನೋಡುತ್ತಾರೆ ಗೊತ್ತಾ? ತಲೆ ಎತ್ತಿ ಸೂರು ನೋಡುತ್ತಾರೆ. ಆಮೇಲೆ ಬಚ್ಚಲುಮನೆಗೆ ಅಂಟಿಕೊಂಡ ಗೋಡೆಯ ಬುಡ. ಎಲ್ಲೋ ಒಂದು ಕಡೆ ಹಳದಿ ಕಲೆ ಕಂಡರೆ ಸಾಕು, ಚೌಕಾಸಿ ಅಲ್ಲಿಂದಲೇ ಶುರು. ಆದರೂ ಹಳೇ ಮನೆ ಕೊಂಡು ಸರಿಮಾಡಿ ಮಾರುವವರಾಗಲಿ, ಅಪ್ಪ ಕಟ್ಟಿಸಿದ ಮನೆ ಮಾರಲು ಹೊರಟವರಾಗಲಿ, ಮೊದಲು ಫೋನ್ ಮಾಡುವುದು ಪೇಂಟರ್‌ಗೆ. ಪೇಂಟರ್ ಬರಬೇಕಾದ್ದು ಕೊನೆಗೆ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಬಣ್ಣ ಬಳಿದರೆ ಅದೇ ಕಲೆ ಮುಂದಿನ ಮಳೆಗೆ ಮತ್ತೆ ಮೂಡುತ್ತದೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಇಪ್ಪತ್ತೈದು, ಮೂವತ್ತು ವರ್ಷದ ಹಿಂದೆ ಕಟ್ಟಿದ ಆರ್‌ಸಿಸಿ ತಾರಸಿ ಮನೆ ಇರುತ್ತದಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ. ನೀವೇ ಮಾಡಬಹುದಾದ ಕೆಲಸ ಯಾವುದು, ಕೈ ಹಾಕಬಾರದ್ದು ಯಾವುದು, ಯಾವುದಾದ ಮೇಲೆ ಯಾವುದು ಎಂದು ನೋಡೋಣ.

ಕ್ಯಾಲೆಂಡರ್ ಮತ್ತು ಕಾಗದ

ಆಷಾಢದಲ್ಲಿ ಮನೆ ಕೊಳ್ಳುವವರು ಕಡಿಮೆ. ನೋಂದಣಿಯನ್ನೂ ಶ್ರಾವಣಕ್ಕೆ ಮುಂದೂಡುತ್ತಾರೆ. ಹಾಗಾಗಿ ಲೆಕ್ಕ ಸುಲಭ. ತಾರಸಿ ಕೆಲಸ ಶಿವರಾತ್ರಿಯಿಂದ ಮೇ ಒಳಗೆ ಮುಗಿಯಬೇಕು. ಜೂನ್ ಮಳೆಯಲ್ಲಿ ಅದರ ಪರೀಕ್ಷೆ ಆಗುತ್ತದೆ. ಆಷಾಢದಲ್ಲಿ ಒಳಗಿನ ಸಣ್ಣಪುಟ್ಟ ಕೆಲಸ. ಬಿಸಿಲು ಸಿಕ್ಕ ದಿನಗಳಲ್ಲಿ ಬಣ್ಣ. ಶ್ರಾವಣಕ್ಕೆ ಮನೆ ತೋರಿಸಲು ತಯಾರು.

ಒಂದು ಕೆಜಿ ಪುಟ್ಟಿ ತರುವ ಮುಂಚೆ ಕಾಗದ ಪತ್ರ ತೆಗೆದು ನೋಡಿ. ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತಾ, ಆಗಿದೆಯಾ? ಅದಿಲ್ಲದೆ ಬೆಂಗಳೂರಿನಲ್ಲಿ ಈಗ ನೋಂದಣಿಯೇ ಆಗುವುದಿಲ್ಲ. ಖಾತಾದಲ್ಲಿರುವ ಹೆಸರು, ಅಳತೆ ಕ್ರಯಪತ್ರದ ಜೊತೆ ತಾಳೆ ಆಗುತ್ತದಾ? ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಇಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿ. ಹಳೇ ಸಾಲ ತೀರಿದ್ದರೂ ಇಸಿಯಲ್ಲಿ ಹಾಗೇ ಉಳಿದಿದ್ದರೆ ಅದನ್ನು ಸರಿಮಾಡಿಸಲು ಗಾರೆ ಕೆಲಸಕ್ಕಿಂತ ಜಾಸ್ತಿ ದಿನ ಹಿಡಿಯಬಹುದು. ಅದಕ್ಕೇ ಈ ಓಡಾಟ ಮೊದಲು ಶುರುವಾಗಲಿ, ರಿಪೇರಿ ಅದರ ಜೊತೆಜೊತೆಗೆ ನಡೆಯಲಿ.

ತಾರಸಿ: ಇಲ್ಲಿ ಆತುರ ಬೇಡ

ಮೊದಲ ದಿನ ಬರೀ ಗುಡಿಸಿ ತೊಳೆಯಿರಿ. ಪಾಚಿಯನ್ನು ತಂತಿ ಬ್ರಷ್‌ನಲ್ಲಿ ಕೆರೆದು ತೆಗೆಯಿರಿ. ಆಮೇಲೆ ನಾಲ್ಕೈದು ಬಕೆಟ್ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ನೋಡಿ. ಒಂದು ಗಂಟೆ ಬಿಟ್ಟು ಬಂದಾಗಲೂ ನೀರು ನಿಂತಿರುವ ಜಾಗಕ್ಕೆ ಸುತ್ತ ಬಳಪದಲ್ಲಿ ಗೆರೆ ಎಳೆಯಿರಿ. ಸೋರುವ ಮನೆಗಳಲ್ಲಿ ಎಷ್ಟೋ ಸಲ ತಪ್ಪು ಕಾಂಕ್ರೀಟಿನದ್ದಲ್ಲ, ಮಳೆನೀರು ಇಳಿಯುವ ಪೈಪಿನ ಬಾಯಿಯದ್ದು. ಬಾಯಿ ತಾರಸಿಗಿಂತ ಅರ್ಧ ಇಂಚು ಮೇಲಿದ್ದರೂ ನೀರು ಅಲ್ಲೇ ನಿಂತು ಪೈಪಿನ ಪಕ್ಕದ ಸಂದಿನಿಂದ ಕೆಳಗಿಳಿಯುತ್ತದೆ.

ಒಣಗಿದ ಮೇಲೆ ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಚಿಂತೆಯಿಲ್ಲ. ಡೊಳ್ಳು ಸದ್ದು ಬಂದರೆ ಮೇಲಿನ ಗಾರೆ ಕೆಳಗಿನ ಕಾಂಕ್ರೀಟಿನಿಂದ ಬಿಟ್ಟುಕೊಂಡಿದೆ. ಅಷ್ಟು ಭಾಗ ಒಡೆದು ಹೊಸದಾಗಿ ಹಾಕಲೇಬೇಕು. ಅದರ ಮೇಲೆ ನೀರು ತಡೆಯುವ ಎಷ್ಟು ದುಬಾರಿ ಕೋಟಿಂಗ್ ಬಳಿದರೂ ದಂಡ.

ಕೂದಲೆಳೆಯಂಥ ಬಿರುಕಿಗೆ ಕೋಟಿಂಗ್ ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕಿದ್ದರೆ ಉಳಿಯಿಂದ ಉದ್ದಕ್ಕೂ ಅಗಲ ಮಾಡಿ. ಮೇಲೆ ಅಗಲ, ಒಳಗೆ ಕಿರಿದು, ಸುಮಾರು ಅರ್ಧ ಇಂಚು ಆಳ. ಬಿರುಕಿನ ಬಾಯಿ ದೊಡ್ಡದು ಮಾಡುವುದು ಯಾಕೆ ಅನ್ನಿಸಬಹುದು. ಕಿರಿದಾದ ಸಂದಿಗೆ ಗಾರೆ ಇಳಿಯುವುದೇ ಇಲ್ಲ, ಮೇಲೆ ಪಟ್ಟಿಯಂತೆ ಕೂತು ಒಂದೇ ಬೇಸಿಗೆಗೆ ಎದ್ದು ಬರುತ್ತದೆ. ಒಳಗಿನ ಪುಡಿಯೆಲ್ಲ ಬ್ರಷ್‌ನಲ್ಲಿ ತೆಗೆದು, ನೀರು ಚಿಮುಕಿಸಿ, ಪಾಲಿಮರ್ ಬೆರೆಸಿದ ಗಾರೆಯನ್ನು ಕರಣೆಯಿಂದ ಒತ್ತಿ ತುಂಬಿ. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯನ್ನು ಚೂಪಾಗಿ ಬಿಡಬೇಡಿ. ಅಲ್ಲಿ ದುಂಡಗೆ ಗಾರೆ ಕೊಡಿ. ಅತಿ ಹೆಚ್ಚು ಸೋರುವುದು ಆ ಮೂಲೆಯೇ.

ಕೋಟಿಂಗ್ ಬಳಿಯುವುದು ಬೆಳಿಗ್ಗೆ ಬೇಗ ಅಥವಾ ಸಂಜೆ. ಏಪ್ರಿಲ್ ಮಧ್ಯಾಹ್ನ ಕಾದ ತಾರಸಿಗೆ ಬಳಿದರೆ ಅದು ಹಿಡಿದುಕೊಳ್ಳುವ ಮುಂಚೆಯೇ ಒಣಗಿ ಸಿಪ್ಪೆಯಾಗುತ್ತದೆ. ಮೊದಲ ಕೋಟ್ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬಿರುಕಿದ್ದ ಜಾಗದಲ್ಲಿ ನಡುವೆ ಫೈಬರ್ ಜಾಲರಿ ಕೂರಿಸಿ. ನೀರು ಎಷ್ಟು ಬೆರೆಸಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನುವುದಕ್ಕೆ ಡಬ್ಬದ ಮೇಲಿನ ಮಾತೇ ಪ್ರಮಾಣ, ಅಂಗಡಿಯವರ ಮಾತಲ್ಲ.

ಪೂರ್ತಿ ಒಣಗಿದ ಮೇಲೆ ಪರೀಕ್ಷೆ. ಪೈಪಿನ ಬಾಯಿಗೆ ಬಟ್ಟೆ ತುರುಕಿ ಒಂದಿಂಚು ನೀರು ನಿಲ್ಲಿಸಿ. ಕಮ್ಮಿ ಅಂದರೂ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಟ್ಟು ಕೆಳಗಿನ ಸೂರು ನೋಡಿ. ಇದಕ್ಕೆ ಬೋರ್‌ವೆಲ್ ನೀರೋ ಸಂಸ್ಕರಿಸಿದ ನೀರೋ ಇರಲಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿದ್ದು ನೆನಪಿದೆ ಅಲ್ವಾ? ನೀರು ಸಿಗದಿದ್ದರೆ ಭರಣಿ ಮಳೆಗೆ ಕಾಯಿರಿ. ಅದೂ ಒಳ್ಳೇ ಪರೀಕ್ಷೆಯೇ.

ನಿಮ್ಮದು ಇನ್ನೂ ಹಳೇ ಮದ್ರಾಸ್ ತಾರಸಿ ಮನೆಯಾಗಿದ್ದರೆ ಮೇಲೆ ಹೇಳಿದ್ದನ್ನು ಮಾಡಬೇಡಿ. ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿ ಕಟ್ಟಿದ ಸೂರು ಅದು. ಮೇಲೊಂದು ದಪ್ಪ ಸಿಮೆಂಟ್ ಪದರ ಹೇರಿದರೆ ಭಾರ ಬೀಳುವುದು ಆ ಮುದಿ ತೊಲೆಗಳ ಮೇಲೆ. ತೊಲೆ ಗೋಡೆಯೊಳಗೆ ಹೋಗುವ ತುದಿಯನ್ನು ಸ್ಕ್ರೂ ಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಕರೆಸಿ.

ಗೋಡೆಯ ತೇವ ಎಲ್ಲಿಂದ?

ಸುಮ್ನೆ ಊಹೆ ಮಾಡಬೇಡಿ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ತೇವದ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಬೆವರು ಕಂಡರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಕೋಣೆಗೆ ಗಾಳಿ ಸಾಲದು, ಕಿಟಕಿ ತೆರೆದಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಒಳಗಿನಿಂದ ಅಂತಾದರೆ ಎಲ್ಲ ನಲ್ಲಿ ಬಂದ್ ಮಾಡಿ, ಸಂಪ್ (ನೆಲದಡಿಯ ತೊಟ್ಟಿ) ತುಂಬುವುದನ್ನೂ ನಿಲ್ಲಿಸಿ, ನೀರಿನ ಮೀಟರ್ ನೋಡಿ. ಮುಳ್ಳು ತಿರುಗುತ್ತಲೇ ಇದ್ದರೆ ಮೀಟರ್‌ನಿಂದ ಸಂಪ್‌ವರೆಗಿನ ಪೈಪು ಎಲ್ಲೋ ಸೋರುತ್ತಿದೆ. ತಾರಸಿಯ ಟ್ಯಾಂಕಿಗೂ ಇದೇ ಪರೀಕ್ಷೆ: ರಾತ್ರಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ನಲ್ಲಿ ಮುಟ್ಟದೆ ಬೆಳಿಗ್ಗೆ ನೋಡಿ. ಎರಡೂ ಸರಿಯಿದ್ದರೆ ಹೊರಗಡೆ ಹೋಗಿ ಗೋಡೆಯ ಬುಡ ನೋಡಿ. ಹೂವಿನ ಗಿಡಕ್ಕೆಂದು ಗೋಡೆಗೆ ಒತ್ತರಿಸಿ ಮಣ್ಣು ಹಾಕಿರುತ್ತಾರೆ. ಆ ಮಣ್ಣು ತೆಗೆದರೆ ಎಷ್ಟೋ ಮನೆಗಳ ತೇವ ಕಾಸು ಖರ್ಚಿಲ್ಲದೆ ಇಳಿಯುತ್ತದೆ.

ಗೋಡೆಯ ಮೇಲೆ ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಮೂಲ ನಿಲ್ಲಿಸಿದ ಮೇಲೂ ಗೋಡೆ ಆರಲು ವಾರಗಟ್ಟಲೆ ಬೇಕು. ಹೊಸ ಗಾರೆ ಮಾಡಿಸಿದ್ದರೆ 28 ದಿನ ಬಿಟ್ಟು ಬಣ್ಣ.

ಬಚ್ಚಲುಮನೆ

ಕೆಲವು ತಿಂಗಳು ಖಾಲಿ ಬಿದ್ದ ಮನೆಯ ಬಚ್ಚಲಿನಲ್ಲಿ ಗಬ್ಬು ವಾಸನೆ ಇರುತ್ತದೆ. ಪೈಪೇ ಹಾಳಾಗಿದೆ ಅಂತ ನೆಲ ಅಗೆಸಬೇಡಿ. ನೆಲದ ಜಾಲರಿಯ ಕೆಳಗೆ ನಹಣಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ನಿಂತ ನೀರೇ ಮೋರಿಯ ವಾಸನೆಯನ್ನು ತಡೆಯುವುದು. ಬಳಕೆ ಇಲ್ಲದೆ ಆ ನೀರು ಆರಿಹೋಗಿದೆ, ಅಷ್ಟೇ. ಜಾಲರಿ ಎತ್ತಿ, ಕೂದಲು, ಸೋಪಿನ ಗಸಿ ತೆಗೆದು, ಎರಡು ಚೊಂಬು ನೀರು ಹಾಕಿ. ಮನೆ ತೋರಿಸುವ ಹಿಂದಿನ ದಿನ ಮತ್ತೊಮ್ಮೆ ಹಾಕಿ.

ಫ್ಲಶ್ ಟ್ಯಾಂಕ್ ಒಳಗೊಳಗೇ ಸೋರುತ್ತಿದೆಯಾ ಅಂತ ನೋಡಲು ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಟ್ಯಾಂಕಿಗೆ ಬಿಡಿ. ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನೊಳಗೆ ನೀಲಿ ಇಳಿದಿದ್ದರೆ ಕೆಳಗಿನ ರಬ್ಬರ್ ವಾಷರ್ ಬದಲಿಸಿ.

ನಲ್ಲಿಯ ತಿರುಪಿನಲ್ಲಿ ನೀರು ಜಿನುಗಿದರೆ ಟೆಫ್ಲಾನ್ ಟೇಪ್ ಸಾಕು, ಆದರೆ ಸುತ್ತುವ ದಿಕ್ಕು ಮುಖ್ಯ. ತಿರುಪಿನ ಬಾಯಿ ನಿಮ್ಮ ಕಡೆ ಹಿಡಿದುಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ಟೇಪ್ ಬಿಗಿಯಾಗಿ ಎಳೆದುಕೊಂಡು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪ್ ಮುದುಡಿ ಹೊರಗೆ ಬರುತ್ತದೆ.

ಟೈಲ್ಸ್ ಚೆನ್ನಾಗಿದ್ದು ಸಂದುಗಳು ಮಾತ್ರ ಕಪ್ಪಾಗಿದ್ದರೆ ಟೈಲ್ಸ್ ಬದಲಿಸಬೇಡಿ. ಸಂದಿನ ಹಳೇ ಬಿಳಿ ಸಿಮೆಂಟನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬಿ. ಅದು ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ಒಂದು ಸಲಕ್ಕೆ ಸ್ವಲ್ಪವೇ ಕಲಸಿಕೊಂಡು, ಟೈಲ್ಸ್ ಮೇಲೆ ಹತ್ತಿದ್ದನ್ನು ಒದ್ದೆ ಸ್ಪಂಜಿನಲ್ಲಿ ಆಗಲೇ ಒರೆಸಿ.

ಕೈ ಹಾಕಬಾರದ್ದು

ವೈರಿಂಗ್ ನಿಮ್ಮ ಕೆಲಸವಲ್ಲ. ಹಳೇ ಮನೆಯಲ್ಲಿ ಇನ್ನೂ ತಂತಿ ಕಟ್ಟುವ ಫ್ಯೂಸ್ ಇದ್ದರೆ ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಬಂದ್ ಮಾಡುವ ಸ್ವಿಚ್) ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿ ಒತ್ತಿ ಕರೆಂಟ್ ಹೋಗುತ್ತದಾ ಅಂತ ನೋಡುವುದಷ್ಟೇ ನಿಮ್ಮ ಪಾಲಿನದು.

ಗೋಡೆ ಒಡೆಯುವುದೂ ಬೇಡ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಸೈಜುಗಲ್ಲಿನ ಗೋಡೆ ಸೂರಿನ ಭಾರ ಹೊತ್ತಿರುತ್ತವೆ. ಹಾಲ್ ದೊಡ್ಡದಾಗಲಿ ಅಂತಲೋ, ವಾಸ್ತುವಿಗೆ ಬಾಗಿಲು ಸರಿಸೋಣ ಅಂತಲೋ ಎಂಜಿನಿಯರನ್ನು ಕೇಳದೆ ಒಡೆಯಬೇಡಿ. ವಾಸ್ತು ನೋಡುವವರು ತಮ್ಮದೇ ಪಂಡಿತರನ್ನು ಕರೆತರುತ್ತಾರೆ, ಅವರ ಲೆಕ್ಕ ಬೇರೆಯೇ ಇರುತ್ತದೆ! ಹಿಂದಿನ ಹಿತ್ತಲಲ್ಲಿ ಆಸ್ಬೆಸ್ಟಾಸ್ ಶೀಟ್ ಇದ್ದರೆ ಕೊಯ್ಯಬೇಡಿ, ತೂತು ಕೊರೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೇಡು.

ಬಾಗಿಲು, ನೆಲ, ಕೊನೆಗೆ ಬಣ್ಣ

ಕಿಟಕಿ ಬಾಗಿಲಿನ ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರಬಹುದು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ನೀರಿನ ಉಪ್ಪು ಕಾಗದ ತಂದು ಒದ್ದೆ ಮಾಡಿಕೊಂಡು ಉಜ್ಜಿ. ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬೇಡ. ತೇಗದ ಬಾಗಿಲಿನ ಮೇಲೆ ಯಾರೋ ಬಣ್ಣ ಬಳಿದಿದ್ದರೆ ಅದನ್ನು ತೆಗೆದು ಪಾಲಿಶ್ ಮಾಡಿ. ಈ ಪುಣ್ಯದ ಕೆಲಸಕ್ಕೆ ಹಾಕಿದ ಶ್ರಮ ದಂಡವಾಗುವುದಿಲ್ಲ. ಚೌಕಟ್ಟನ್ನು ಬುಡದಿಂದ ತಟ್ಟಿಕೊಂಡು ಬನ್ನಿ. ಪೊಳ್ಳು ಸದ್ದು, ಮಣ್ಣಿನ ಗೆರೆ ಕಂಡರೆ ಗೆದ್ದಲು.

ರೆಡ್ ಆಕ್ಸೈಡ್ ನೆಲ ಇದ್ದರೆ ದಯವಿಟ್ಟು ವಿಟ್ರಿಫೈಡ್ ಟೈಲ್ಸ್ ಹಾಕಿ ಮುಚ್ಚಬೇಡಿ. ಅಂಥ ನೆಲವನ್ನೇ ಹುಡುಕಿಕೊಂಡು ಬರುವವರಿದ್ದಾರೆ, ಹೊಸದಾಗಿ ಹಾಕುವ ಕೈಗಳೂ ಈಗ ಕಡಿಮೆ. ಆಸಿಡ್ ತಾಗಿಸದೆ, ಮೆದು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ವ್ಯಾಕ್ಸ್ ಪಾಲಿಶ್ ತಿಕ್ಕಿ. ಮೊಸಾಯಿಕ್ ನೆಲಕ್ಕೆ ಯಂತ್ರದ ಪಾಲಿಶ್ ಒಮ್ಮೆ ಮಾಡಿಸಿದರೆ ಸಾಕು.

ಬಣ್ಣದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕೆರೆಯಿರಿ, ಪುಟ್ಟಿ ಎರಡು ಕೋಟ್, ಉಪ್ಪು ಕಾಗದದಲ್ಲಿ ಉಜ್ಜಿ, ಪ್ರೈಮರ್, ಆಮೇಲೆ ಎಮಲ್ಷನ್ ಎರಡು ಕೋಟ್. ತಿಳಿ ಬಣ್ಣ ಇರಲಿ. ಫಾಲ್ಸ್ ಸೀಲಿಂಗ್, ದುಬಾರಿ ಅಡುಗೆಮನೆ ಕ್ಯಾಬಿನೆಟ್ ಬೇಡವೇ ಬೇಡ. ಕೊಳ್ಳುವವರ ರುಚಿ ಬೇರೆ, ಅವರು ಕಿತ್ತು ಹಾಕುವುದಕ್ಕೆ ನೀವ್ಯಾಕೆ ದುಡ್ಡು ಕೊಡುತ್ತೀರಿ?

ಬಿಲ್ಲು ಎಸೆಯಬೇಡಿ

ಸರಿಹೋಗದ ಸೋರಿಕೆ ಇದ್ದರೆ ಪುಟ್ಟಿ ಮೆತ್ತಿ ಮುಚ್ಚಿಡಬೇಡಿ. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ, ನಿಮಗೆ ಮಾತ್ರ ಗೊತ್ತಿರುವ ದೊಡ್ಡ ದೋಷವನ್ನು ನೀವು ಹೇಳಲೇಬೇಕು ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಇನ್ನು ತೆರಿಗೆ. ಮನೆ ಕೊಂಡು 24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ. 2024ರ ಜುಲೈ 23ಕ್ಕೂ ಮುಂಚೆ ಕೊಂಡ ಮನೆಯಾದರೆ, ಭಾರತದಲ್ಲೇ ವಾಸಿಸುವವರು ಹಣದುಬ್ಬರದ ಲೆಕ್ಕ ಹಾಕಿ ಶೇ 20ರ ಹಳೇ ದಾರಿಯನ್ನೂ ತೂಗಿ ನೋಡಬಹುದು. ಕೊಂಡು ಮಾರುವುದನ್ನೇ ಕಸುಬು ಮಾಡಿಕೊಂಡವರಿಗೆ ಅದು ವ್ಯಾಪಾರದ ಆದಾಯ, ಲೆಕ್ಕವೇ ಬೇರೆ. ಮನೆಯನ್ನು ನಿಜಕ್ಕೂ ಉತ್ತಮಪಡಿಸಿದ ಖರ್ಚನ್ನು, ಅಂದರೆ ಹೊಸ ಕೋಣೆ, ಹೊಸ ನೆಲದಂಥದ್ದನ್ನು, ಲಾಭದಿಂದ ಕಳೆಯಬಹುದು. ಮಾಮೂಲಿ ಬಣ್ಣ, ವಾಷರ್ ಬದಲಿಸಿದ್ದು ಅದರಲ್ಲಿ ಸೇರುವುದಿಲ್ಲ. ನೀವೇ ಮೈಮುರಿದು ದುಡಿದದ್ದಕ್ಕೆ ಕೂಲಿ ಬರೆದುಕೊಳ್ಳುವಂತೆಯೂ ಇಲ್ಲ. ಯಾವುದು ಸೇರುತ್ತದೆ ಅಂತ ನಿಮ್ಮ ಆಡಿಟರ್ ಹೇಳಬೇಕಾದರೆ ಅವರ ಮುಂದೆ ಕಾಗದ ಇರಬೇಕು. ಅದಕ್ಕೇ ಸಿಮೆಂಟ್ ಅಂಗಡಿಯ ಬಿಲ್ಲಿನಲ್ಲೂ ನಿಮ್ಮ ಹೆಸರು, ಆ ಮನೆಯ ವಿಳಾಸ ಬರೆಸಿ. ಮೇಸ್ತ್ರಿಗೆ ಕೊಡುವ ಹಣ ಬ್ಯಾಂಕ್ ಅಥವಾ ಯುಪಿಐ ಮೂಲಕ ಹೋಗಲಿ.