ನಿಮ್ಮ ಚರ್ಚಿನಲ್ಲಿ ಸನ್ನೆ ಭಾಷೆಯ ಪೂಜೆ ಶುರುಮಾಡುವುದು ಹೇಗೆ

ನನ್ನ ಅಪ್ಪ ಅಮ್ಮ ಇಬ್ಬರೂ ಹುಟ್ಟು ಕಿವುಡರು. ಮನೆಯೊಳಗೆ ಸನ್ನೆ, ಬೀದಿಗೆ ಬಂದರೆ ಕನ್ನಡ, ಹಾಗೆ ಬೆಳೆದವಳು ನಾನು. ಈಗ ಬೆಂಗಳೂರಿನ ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಫಾದರ್ ಅರ್ಪಿಸುವ ಭಾನುವಾರದ ಕನ್ನಡ ಪೂಜೆಯನ್ನು ಕಿವುಡರಿಗೆ ಸನ್ನೆ ಭಾಷೆಯಲ್ಲಿ ತಿಳಿಸುತ್ತೇನೆ, ಮಕ್ಕಳಿಗೆ ಧರ್ಮೋಪದೇಶವನ್ನೂ ಕಲಿಸುತ್ತೇನೆ. ಬೇರೆ ಚರ್ಚಿನವರು ಆಗಾಗ ಕೇಳುತ್ತಾರೆ, “ನಮ್ಮಲ್ಲೂ ಶುರುಮಾಡಬೇಕು, ಒಬ್ಬ ಇಂಟರ್‌ಪ್ರಿಟರ್ ಸಿಗ್ತಾರಾ?” ಹುಡುಕಿದರೆ ಸಿಗುತ್ತಾರೆ. ಆದರೆ ಅಲ್ಲಿಂದ ಶುರುಮಾಡಬೇಡಿ. ಕಿವುಡರನ್ನೇ ಕೇಳದೆ ಕೇಳಿಸುವವರೇ ಸೇರಿ ಎಲ್ಲ ತೀರ್ಮಾನ ಮಾಡಿದ ಕಡೆ ಎರಡು ತಿಂಗಳು ಪೂಜೆ ನಡೆಯುತ್ತದೆ, ಆಮೇಲೆ ಮುಂದಿನ ಬೆಂಚು ಖಾಲಿ.

ಮೊದಲು ಜನರನ್ನು ಹುಡುಕಿ

ಧರ್ಮಕೇಂದ್ರದ ರಿಜಿಸ್ಟರಿನಲ್ಲಿ ಯಾರಿಗೆ ಕಿವಿ ಕೇಳಿಸುವುದಿಲ್ಲ ಅಂತ ಬರೆದಿರುವುದಿಲ್ಲ. ಕಿರು ಸಮುದಾಯದ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪಿನ, ಮುಖಂಡರನ್ನು ಕೇಳಿ, ಮನೆಮನೆಯ ವಿಷಯ ಗೊತ್ತಿರುವುದು ಅವರಿಗೆ. “ಆ ಮನೆಯ ಎರಡನೇ ಮಗ ಪೂಜೆಗೆ ಬರೋದೇ ಇಲ್ಲ” ಅಂದರೆ ಯಾಕೆ ಅಂತ ವಿಚಾರಿಸಿ. ಬಂದರೂ ಕಂಬದ ಹಿಂದೆ ಕೂತು, ಎಲ್ಲರೂ ಎದ್ದಾಗ ಎದ್ದು, ಎಲ್ಲರೂ ಮಂಡಿಯೂರಿದಾಗ ಮಂಡಿಯೂರಿ ಹೋಗುವವರೂ ಇರುತ್ತಾರೆ. ನನ್ನ ಅಮ್ಮ ವರ್ಷಗಟ್ಟಲೆ ಹಾಗೇ ಪೂಜೆ ನೋಡಿದವರು.

ಒಂದು ಧರ್ಮಕೇಂದ್ರದಲ್ಲಿ ಮೂರು ನಾಲ್ಕು ಜನ ಸಿಕ್ಕರೆ ಅದೇ ಹೆಚ್ಚು. ಹಾಗಾಗಿ ಅಕ್ಕಪಕ್ಕದ ಚರ್ಚುಗಳು ಕೂಡಿಕೊಂಡು ಒಂದೇ ಜಾಗದಲ್ಲಿ ಮಾಡುವುದು ಒಳ್ಳೆಯದು. ಜಾಗ ಬಸ್ ಸ್ಟಾಪಿಗೆ ಹತ್ತಿರ ಇರಲಿ. ಯಾವ ಹೊತ್ತು, ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ, ಯಾರು ಸನ್ನೆ ಮಾಡಿದರೆ ಅವರಿಗೆ ಅರ್ಥವಾಗುತ್ತದೆ, ಎಲ್ಲವನ್ನೂ ಅವರೇ ಹೇಳಲಿ. ಸನ್ನೆ ಬಳಸುವ ಬೇರೆ ಪಂಗಡದ ಚರ್ಚುಗಳಿಗೆ ಹೋಗಲು ಶುರುಮಾಡಿದವರೂ ಸಿಗಬಹುದು. ಅವರ ಜೊತೆ ವಾದ ಬೇಡ. ಅವರಿಗೆ ಅಲ್ಲಿ ಏನು ಸಿಕ್ಕಿತು ಅಂತ ಕೇಳಿಸಿಕೊಳ್ಳಿ, ನಿಮ್ಮ ಚರ್ಚಿನಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಫಾದರ್ ಹತ್ತಿರ ಮಾತಾಡುವಾಗ

“ಪೂಜೆಯಲ್ಲಿ ಇದಕ್ಕೆ ಅವಕಾಶ ಇದೆಯಾ?” ಅಂತ ಫಾದರ್ ಹಿಂದೆಮುಂದೆ ನೋಡಬಹುದು. ಇದೆ. ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದ ವರ್ಷವೇ, ಅಂದರೆ 1965ರಲ್ಲೇ, ಕಿವುಡರ ಜೊತೆ ಇಡೀ ಪೂಜೆಯಲ್ಲಿ ಸನ್ನೆ ಭಾಷೆ ಬಳಸಲು ರೋಮ್ ಒಪ್ಪಿಗೆ ಕೊಟ್ಟಿದೆ. 2024ರ ಮೇ ತಿಂಗಳಲ್ಲಿ ತ್ರಿಶೂರಿನಲ್ಲಿ ಫಾದರ್ ಜೋಸೆಫ್ ತೇರ್ಮಡಂ ಗುರುದೀಕ್ಷೆ ಪಡೆದರು. ಹೋಲಿ ಕ್ರಾಸ್ ಎಂಬ ಸನ್ಯಾಸಿ ಸಭೆಗೆ ಸೇರಿದ ಅವರು ಭಾರತದ ಮೊದಲ ಕಿವುಡ ಗುರು. ಬಲಿಪೀಠದಲ್ಲಿ ನಿಂತು ತಮ್ಮ ಕೈಗಳಿಂದಲೇ ಪೂಜೆ ಅರ್ಪಿಸುತ್ತಾರೆ. ದಕ್ಷಿಣ ಆಫ್ರಿಕಾದ ಫಾದರ್ ಸಿರಿಲ್ ಆಕ್ಸೆಲ್‌ರಾಡ್ ಅವರಿಗೆ 1970ರಲ್ಲೇ ಗುರುದೀಕ್ಷೆಯಾಗಿತ್ತು. ಹುಟ್ಟು ಕಿವುಡರಾದ ಅವರಿಗೆ ಆಮೇಲೆ ಕಣ್ಣೂ ಹೋಯಿತು, ಆದರೂ ಸೇವೆ ಬಿಡಲಿಲ್ಲ. ಈ ಇಬ್ಬರ ವಿಷಯ ಫಾದರ್‌ಗೆ ಹೇಳಿ. ಕಿವುಡರು ಬರೀ ನೋಡಿಕೊಂಡು ಕೂರುವವರು ಅನ್ನುವ ಎಣಿಕೆ ಮೊದಲು ಹೋಗಬೇಕು.

ಫಾದರ್ ಹತ್ತಿರ ಒಂದು ವಿಷಯ ಮಾತ್ರ ಗಟ್ಟಿಯಾಗಿ ಕೇಳಿ: ಪ್ರಬೋಧನೆಯ, ಅಂದರೆ ಪೂಜೆಯಲ್ಲಿ ಅವರು ಕೊಡುವ ಉಪದೇಶದ, ಟಿಪ್ಪಣಿ ಶುಕ್ರವಾರವೇ ಕೈಗೆ ಬರಬೇಕು. ಪೂರ್ತಿ ಬರೆದು ಕೊಡಬೇಕಿಲ್ಲ, ಯಾವ ಕಥೆ, ಯಾವ ಹೆಸರುಗಳು, ಯಾವ ಮುಖ್ಯ ಮಾತು ಅಂತ ಅರ್ಧ ಪುಟ ಸಾಕು. ಪೂಜೆಯಲ್ಲಿ ಓದುವ ಬೈಬಲ್ ವಾಚನಗಳಂತೂ ಮೊದಲೇ ನಿಗದಿಯಾಗಿರುತ್ತವೆ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಮತ್ತೆ ಬರುತ್ತವೆ ಅಲ್ವಾ, ಹಾಗಾಗಿ ಈ ವರ್ಷ ಮಾಡಿದ ತಯಾರಿಯನ್ನು ಫೋನಿನಲ್ಲಿ ವಿಡಿಯೊ ಮಾಡಿ ಇಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಇಂಟರ್‌ಪ್ರಿಟರ್ ಎಲ್ಲಿ ನಿಲ್ಲಬೇಕು

ಬೈಬಲ್ ಓದುವ ಪೀಠದ ಪಕ್ಕದಲ್ಲಿ. ಫಾದರ್ ಮುಖ ಮತ್ತು ಇಂಟರ್‌ಪ್ರಿಟರ್ ಕೈ ಒಂದೇ ನೋಟಕ್ಕೆ ಸಿಗಬೇಕು. ಹಿಂದೆ ಕಿಟಕಿ ಇದ್ದರೆ ಬೆಳಗಿನ ಬಿಸಿಲಿಗೆ ಮುಖ ಕಪ್ಪಾಗಿ ಕಾಣುತ್ತದೆ, ಸನ್ನೆ ಭಾಷೆಯ ಅರ್ಧ ವ್ಯಾಕರಣ ಮುಖದಲ್ಲೇ ಇರುವುದು. ಒಂದೇ ಬಣ್ಣದ, ಕೈಗಳು ಎದ್ದು ಕಾಣುವಂಥ ಬಟ್ಟೆ ಹಾಕಿ. ಬಳೆ ಬೇಡ, ದೊಡ್ಡ ಹೂವಿನ ಸೀರೆಯೂ ಬೇಡ. ಇಬ್ಬರಿದ್ದು ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಬದಲಾಯಿಸಿಕೊಂಡರೆ ಒಳ್ಳೆಯದು. ಕೈಗಿಂತ ಮೊದಲು ತಲೆ ದಣಿಯುತ್ತದೆ. ಹೊರಗಿನಿಂದ ತರಬೇತಾದವರನ್ನು ಕರೆಸಿದರೆ ಸಂಭಾವನೆ ಕೊಡಿ. ಸೇವೆ ಅಂತ ಹೇಳಿ ಸುಮ್ನೆ ದುಡಿಸಬೇಡಿ.

ಮುಂದಿನ ಎರಡು ಬೆಂಚು ಕಿವುಡರಿಗೆ ಬಿಡಿ. ಶುಭಸಂದೇಶಕ್ಕೆ ಎಲ್ಲರೂ ಎದ್ದು ನಿಂತಾಗ ಹಿಂದಿನವರಿಗೆ ಏನೂ ಕಾಣುವುದಿಲ್ಲ.

ಈಗ ಪೂಜೆಯೊಳಗಿನ ಸಣ್ಣ ಸಂಗತಿಗಳು. ನನ್ನ ಪ್ರಕಾರ ಇವೇ ದೊಡ್ಡವು.

ಯೇಸುವಿನ ದೇಹವೆಂದು ನಾವು ನಂಬುವ ರೊಟ್ಟಿಯನ್ನು ಫಾದರ್ ಎತ್ತಿ ತೋರಿಸುವಾಗ ಇಂಟರ್‌ಪ್ರಿಟರ್ ಕೈ ನಿಲ್ಲಿಸಿ, ಬಲಿಪೀಠದ ಕಡೆ ತಿರುಗಿ ನಿಲ್ಲಬೇಕು. ಕೇಳಿಸುವವರು ಕಿವಿಯಲ್ಲಿ ಗಂಟೆ, ಕಣ್ಣಲ್ಲಿ ರೊಟ್ಟಿ ಎರಡನ್ನೂ ಒಟ್ಟಿಗೆ ಹಿಡಿಯುತ್ತಾರೆ. ಕಿವುಡರಿಗೆ ಇರುವುದು ಒಂದೇ ದಾರಿ, ಕಣ್ಣು. ಆ ಹೊತ್ತಿನಲ್ಲಿ ಕೈ ಆಡಿಸುತ್ತಿದ್ದರೆ ಅವರು ಕೈಯನ್ನೇ ನೋಡುತ್ತಾರೆ, ಪ್ರಭುವನ್ನು ನೋಡುವುದು ತಪ್ಪುತ್ತದೆ. ಅದೇ ರೀತಿ “ಕಣ್ಣು ಮುಚ್ಚಿ ಪ್ರಾರ್ಥಿಸೋಣ” ಅಂತ ಯಾರೂ ಹೇಳಬಾರದು. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಕೈ ಕೈ ಹಿಡಿದು ಹೇಳುವ ರೂಢಿ ನಿಮ್ಮಲ್ಲಿದ್ದರೆ ಅವರ ಸಾಲಿನಲ್ಲಿ ಬಿಟ್ಟುಬಿಡಿ. ಕೈ ಹಿಡಿದರೆ ಬಾಯಿ ಮುಚ್ಚಿದಂತೆ. ಪರಮ ಪ್ರಸಾದ ಕೊಡುವವರು ರೊಟ್ಟಿಯನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ಎದುರಿನವರ ಕಣ್ಣು ಸೇರುವವರೆಗೆ ನಿಲ್ಲಲಿ, ಅವರು ಸನ್ನೆಯಲ್ಲಿ ‘ಆಮೆನ್’ ಹೇಳಲಿ, ಆಮೇಲೆ ಕೊಡಲಿ. ಫಾದರ್ ಕೂಡ ಒಂದು ಮಾತು ಮುಗಿದ ಮೇಲೆ ಒಂದು ಉಸಿರು ಕಾಯಬೇಕು. ಸನ್ನೆ ಮಾತಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತದೆ, ಕಾಯದಿದ್ದರೆ ಎಲ್ಲರೂ ಉತ್ತರ ಹೇಳಿ ಮುಗಿಸಿದ ಮೇಲೆ ಕಿವುಡರ ಉತ್ತರ ಬರುತ್ತದೆ.

ಜಪಸರದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮಣಿ ಹಿಡಿದರೆ ‘ನಮೋ ಮರಿಯ’ ಪ್ರಾರ್ಥನೆ ಹೇಳುವುದು ಹೇಗೆ? ನಮ್ಮ ಗುಂಪಿನಲ್ಲಿ ಜಪಸರವನ್ನು ಎಡ ಮುಂಗೈಗೆ ಸುತ್ತಿಕೊಳ್ಳುತ್ತೇವೆ. ಎರಡು ಕೈಯಿಂದ ಪ್ರಾರ್ಥನೆ ಮುಗಿಸಿ ಒಂದು ಮಣಿ ಸರಿಸುತ್ತೇವೆ. ಎಲ್ಲರೂ ವೃತ್ತವಾಗಿ ಕೂರಬೇಕು, ಸಾಲಾಗಿ ಕೂತರೆ ಒಬ್ಬರ ಪ್ರಾರ್ಥನೆ ಇನ್ನೊಬ್ಬರಿಗೆ ಕಾಣುವುದಿಲ್ಲ.

ಕನ್ನಡವನ್ನು ಪದಕ್ಕೆ ಪದ ಸನ್ನೆ ಮಾಡಬೇಡಿ

ಭಾರತೀಯ ಸನ್ನೆ ಭಾಷೆಗೆ ಅದರದ್ದೇ ವ್ಯಾಕರಣ ಇದೆ. ಯಾವಾಗ ಅನ್ನುವುದು ಮೊದಲು ಬರುತ್ತದೆ, ‘ಇಲ್ಲ’ ಅನ್ನುವುದು ಕೊನೆಗೆ, ‘ಯಾರು’ ‘ಏನು’ ಅನ್ನುವ ಪ್ರಶ್ನೆಯೂ ಕೊನೆಗೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ಜಾಗದಲ್ಲಿ ನಡೆಯುವ ಭಾಷೆ. ಯೇಸುವನ್ನು ನೋಡಲು ಮರ ಹತ್ತಿದ ಕುಳ್ಳ ಜಕ್ಕಾಯನ ಕಥೆ ತಗೊಳ್ಳಿ, ಸಂತ ಲೂಕರ ಶುಭಸಂದೇಶದ 19ನೇ ಅಧ್ಯಾಯ. ಹೇಳುವವರು ಮೊದಲು ಬಲಗಡೆ ಅತ್ತಿಮರ ನೆಡುತ್ತಾರೆ, ಎಡಗಡೆಯಿಂದ ಜನಜಂಗುಳಿ ಬರುತ್ತದೆ. ಕುಳ್ಳ ಮನುಷ್ಯ ಕತ್ತು ಚಾಚುತ್ತಾನೆ, ಕಾಣುವುದಿಲ್ಲ. ಎರಡು ಬೆರಳು ಕಾಲಾಗಿ ಮರ ಹತ್ತುತ್ತವೆ. ಆಮೇಲೆ ಹೇಳುವವರೇ ಯೇಸು ಆಗುತ್ತಾರೆ, ಕಣ್ಣು ಮೇಲಕ್ಕೆ, “ಇಳಿ, ಇವತ್ತು ನಿನ್ನ ಮನೆ.” ಮರುಕ್ಷಣ ಜಕ್ಕಾಯ, ಕಣ್ಣು ಕೆಳಕ್ಕೆ, ಮುಖ ಅರಳಿದೆ. ಯಾರು ಯಾರಿಗೆ ಹೇಳಿದರು ಅನ್ನುವುದೆಲ್ಲ ನೋಟದಲ್ಲೇ ಇದೆ. ಇದನ್ನು ನನಗಿಂತ ನನ್ನ ಅಪ್ಪ ಹತ್ತು ಪಾಲು ಚೆನ್ನಾಗಿ ಹೇಳುತ್ತಾರೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ವಾಚನವನ್ನು ಕಿವುಡರೇ ಓದಲಿ. ಅವರು ಪೀಠದಲ್ಲಿ ನಿಂತು ಸನ್ನೆಯಲ್ಲಿ ಮಾಡಲಿ, ಕೇಳಿಸುವವರೊಬ್ಬರು ಪಕ್ಕದಲ್ಲಿ ಮೈಕ್ ಹಿಡಿದು ಕನ್ನಡದಲ್ಲಿ ಓದಲಿ. ಆ ದಿನ ಇಡೀ ಚರ್ಚು ತಲೆ ಎತ್ತಿ ನೋಡುತ್ತದೆ. ಕಾಣಿಕೆ ತರುವುದು, ಬಲಿಪೀಠದ ಸೇವೆ, ಬಾಗಿಲಲ್ಲಿ ಸ್ವಾಗತ, ಪಾಲನಾ ಸಮಿತಿ, ಎಲ್ಲದರಲ್ಲೂ ಅವರಿರಲಿ.

ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳಿವೆ, ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುತ್ತವೆ. ದಿನಬಳಕೆಯ ಮಾತಿಗೆ ಅದು ಚೆನ್ನಾಗಿದೆ. ಚರ್ಚಿನ ಮಾತುಗಳಿಗೆ ನಿಮ್ಮ ಗುಂಪಿನ ಹಿರಿಯ ಕಿವುಡರನ್ನೇ ಕೇಳಿ. ಯೇಸುವಿಗೆ ನಾವು ನಡುಬೆರಳಿನಿಂದ ಒಂದೊಂದು ಅಂಗೈ ಮುಟ್ಟುತ್ತೇವೆ, ಮೊಳೆಯ ಗಾಯ. ಕೃಪೆ, ಪವಿತ್ರಾತ್ಮ ಇಂಥವಕ್ಕೆ ಅಮೆರಿಕದ ವಿಡಿಯೊ ನೋಡಿ ಸನ್ನೆ ಎತ್ತಿಕೊಂಡು ಬರಬೇಡಿ. ಅಲ್ಲಿನ ಸನ್ನೆ ಭಾಷೆಯೇ ಬೇರೆ.

ಪಾಪನಿವೇದನೆ

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಈಸ್ಟರಿಗೆ ಮುಂಚೆ ಅಪ್ಪನ ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ಪಾಪ ಹೇಳಿಕೊಂಡು ಕ್ಷಮೆ ಕೇಳುವುದಕ್ಕೆ, ದುಭಾಷಿಯಾಗಿ ನನ್ನನ್ನೇ ಕರೆದು ನಿಲ್ಲಿಸಿದರು. ಅಪ್ಪ ನನ್ನ ಮುಖ ನೋಡಿದರು. ಕೈ ಎತ್ತಲೇ ಇಲ್ಲ. ಆಮೇಲೆ ಬಹಳ ವರ್ಷ ಅವರು ಪಾಪನಿವೇದನೆಗೆ ಹೋಗಲಿಲ್ಲ. ದಯವಿಟ್ಟು ಮಕ್ಕಳನ್ನು ಆ ಜಾಗದಲ್ಲಿ ನಿಲ್ಲಿಸಬೇಡಿ. ಹೆಂಡತಿಯನ್ನೋ ಗಂಡನನ್ನೋ ಕೂಡ ಬೇಡ.

ಧರ್ಮಸಭೆಯ ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1983ರ ಕಾನೂನು ಸಂಹಿತೆಯ 990ನೇ ವಿಧಿಯಂತೆ ಯಾರು ಬೇಕಾದರೂ ದುಭಾಷಿಯ ಮೂಲಕ ಪಾಪನಿವೇದನೆ ಮಾಡಬಹುದು. 983ನೇ ವಿಧಿಯಂತೆ ಆ ದುಭಾಷಿಯೂ ಗುಟ್ಟು ಕಾಯಲೇಬೇಕು. ಆದರೆ ಹೇಗೆ ಮಾಡಬೇಕು ಅನ್ನುವುದು ಪಾಪನಿವೇದನೆ ಮಾಡುವವರ ಇಷ್ಟ. ದುಭಾಷಿ ಬೇಕೆಂದರೆ ಅವರೇ ಆರಿಸಲಿ. ಬೇಡ ಅಂದರೆ ಬರೆದು ಕೊಡಲಿ. ಮುಗಿದ ಮೇಲೆ ಆ ಚೀಟಿಯನ್ನು ಫಾದರ್ ಬರೆದವರ ಕೈಗೇ ವಾಪಸ್ ಕೊಡಬೇಕು, ಅವರೇ ಹರಿದು ಹಾಕಲಿ. ಫೋನಿನಲ್ಲಿ ಟೈಪ್ ಮಾಡಿದರೆ ಅವರ ಫೋನಿನಲ್ಲೇ ಮಾಡಿ, ಅವರ ಎದುರೇ ಅಳಿಸಿ. ಕನ್ನಡ ಬರೆಯಲು ಕಷ್ಟಪಡುವ ಕಿವುಡರು ಬಹಳ ಜನ ಇದ್ದಾರೆ, ಅವರಿಗೆ ಒತ್ತಾಯ ಬೇಡ. ಫಾದರ್ ಸ್ವಲ್ಪ ಸನ್ನೆ ಕಲಿತರೆ ಎಲ್ಲಕ್ಕಿಂತ ಒಳ್ಳೆಯದು. ಬೇಕಾಗುವ ಮಾತುಗಳು ಹೆಚ್ಚೇನೂ ಇಲ್ಲ: ಸುಳ್ಳು, ಸಿಟ್ಟು, ಕುಡಿತ, ಜಗಳ, ಪ್ರಾರ್ಥನೆ, ಕ್ಷಮೆ.

ಜಾಗದ ಬಗ್ಗೆ ಕೇಳಿಸುವವರಿಗೆ ಹೊಳೆಯದ ಒಂದು ವಿಷಯ ಇದೆ. ಪಾಪನಿವೇದನೆಗೆಂದು ಇಟ್ಟಿರುವ, ಜಾಲರಿ ಇರುವ ಕತ್ತಲೆಯ ಪೆಟ್ಟಿಗೆಯಲ್ಲಿ ಸನ್ನೆ ಕಾಣುವುದಿಲ್ಲ ಅಂತ ಹೊರಗೆ ಬೆಂಚು ಹಾಕುತ್ತಾರೆ. ಆಗ ಸಾಲಿನಲ್ಲಿ ನಿಂತ ಬೇರೆ ಕಿವುಡರಿಗೆ ದೂರದಿಂದಲೇ ಎಲ್ಲ ಅರ್ಥವಾಗುತ್ತದೆ. ಸನ್ನೆಯಲ್ಲಿ ಪಿಸುಮಾತು ಕಷ್ಟ. ಬೆಳಕಿರುವ, ಬಾಗಿಲು ಹಾಕುವ ಕೋಣೆ ಕೊಡಿ. ಬಾಗಿಲಲ್ಲಿ ಗಾಜಿದ್ದರೆ ಬೆನ್ನು ಗಾಜಿನ ಕಡೆ ಬರುವಂತೆ ಪಾಪನಿವೇದನೆ ಮಾಡುವವರ ಕುರ್ಚಿ ಹಾಕಿ.

ಮಕ್ಕಳು, ಮದುವೆ

ಬಹುಪಾಲು ಕಿವುಡ ಮಕ್ಕಳು ಹುಟ್ಟುವುದು ಕೇಳಿಸುವ ಅಪ್ಪ ಅಮ್ಮನಿಗೆ. ಆ ಅಪ್ಪ ಅಮ್ಮನಿಗೆ ಸನ್ನೆ ಬರುವುದಿಲ್ಲ. ಮಗುವಿಗೆ ಧರ್ಮೋಪದೇಶ ನಡೆಯುವ ಹೊತ್ತಲ್ಲೇ ಪಕ್ಕದ ಕೋಣೆಯಲ್ಲಿ ಅವರಿಗೆ ಸನ್ನೆ ತರಗತಿ ಇಡಿ, ಕಲಿಸುವವರು ಕಿವುಡರೇ ಆಗಿರಲಿ. ಪ್ರಾರ್ಥನೆಗಳನ್ನು ಬಾಯಲ್ಲಿ ಹೇಳಲು ಬರುವುದಿಲ್ಲ ಅಂತ ಮೊದಲ ಪರಮ ಪ್ರಸಾದವನ್ನು ಮುಂದೂಡಬೇಡಿ. ಆ ರೊಟ್ಟಿ ಯೇಸು ಅಂತ ಮಗುವಿಗೆ ಗೊತ್ತಾದರೆ ಸಾಕು. ಚಿತ್ರ, ನಾಟಕ, ಚರ್ಚಿನೊಳಗೆ ಸುತ್ತಾಡಿ ಮುಟ್ಟಿ ನೋಡುವುದು, ಇವು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುತ್ತವೆ.

ಮದುವೆಯಲ್ಲೂ ಅಷ್ಟೇ. ಮಾತಾಡಲು ಆಗದವರು ಸನ್ನೆಯಲ್ಲಿ ಒಪ್ಪಿಗೆ ಕೊಡಬಹುದು ಅಂತ ಅದೇ ಕಾನೂನು ಸಂಹಿತೆಯ 1104ನೇ ವಿಧಿ ಹೇಳುತ್ತದೆ. ವಧೂವರರು ಒಬ್ಬರನ್ನೊಬ್ಬರು ನೋಡಿಕೊಂಡು ತಾವೇ ವಚನ ಕೊಡಲಿ, ಇಂಟರ್‌ಪ್ರಿಟರ್ ಅದನ್ನು ಜನರಿಗೆ ಗಟ್ಟಿಯಾಗಿ ಹೇಳಲಿ. ಮದುವೆ ತಯಾರಿ ಶಿಬಿರಕ್ಕೂ ಇಂಟರ್‌ಪ್ರಿಟರ್ ಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ.

ಪೂಜೆಯಾದ ಮೇಲೆ

ಟೀ ಮತ್ತು ಬಿಸ್ಕತ್ತು ಇಡಿ, ಲೈಟ್ ಆರಿಸಬೇಡಿ. ವಾರವಿಡೀ ಫ್ಯಾಕ್ಟರಿಯಲ್ಲೋ ಮನೆಯಲ್ಲೋ ಯಾರ ಜೊತೆಯೂ ಪೂರ್ತಿ ಮಾತಾಡದೆ ಇದ್ದವರು ಇಲ್ಲಿ ಬಾಯಿತುಂಬ ಮಾತಾಡುತ್ತಾರೆ. ಗೇಟಿನ ಹತ್ತಿರ ಗಂಟೆಗಟ್ಟಲೆ ನಿಲ್ಲುತ್ತಾರೆ. ಕತ್ತಲಾದರೆ ಅವರ ಮಾತು ನಿಂತುಹೋಗುತ್ತದೆ. ಕೆಲಸ, ಅಂಗವೈಕಲ್ಯದ ಕಾರ್ಡು, ಹುಡುಗಿ ನೋಡುವುದು, ಎಲ್ಲ ಸುದ್ದಿ ಹರಿದಾಡುವುದು ಅಲ್ಲೇ. ಕಿವುಡರ ಪೋಷಕ ಸಂತ ಫ್ರಾನ್ಸಿಸ್ ದ ಸೇಲ್ಸ್ ಅವರ ಹಬ್ಬ ಜನವರಿ 24ರಂದು. ಆ ದಿನ ಒಂದು ಊಟ ಮಾಡಿ, ಮನೆಯವರನ್ನೂ ಕರೆಯಿರಿ.

ಕೊನೆಯದಾಗಿ ಪ್ರಕಟಣೆಗಳು. ಮೈಕಿನಲ್ಲಿ ಹೇಳಿದ್ದು ಕಿವುಡರಿಗೆ ತಲುಪುವುದಿಲ್ಲ, ಸಾವಿನ ಸುದ್ದಿಯಂತೂ ಮಣ್ಣಾದ ಮೇಲೆ ಗೊತ್ತಾದದ್ದುಂಟು. ವಾಟ್ಸಾಪ್ ಗುಂಪು ಮಾಡಿ, ಅದರಲ್ಲಿ ವಾಯ್ಸ್ ಮೆಸೇಜ್ ಹಾಕಬೇಡಿ. ಸನ್ನೆಯ ವಿಡಿಯೊ ಹಾಕಿ, ಒಂದು ನಿಮಿಷ ಸಾಕು. ಮುಖ ಮತ್ತು ಎರಡೂ ಕೈ ಪೂರ್ತಿ ಕಾಣಬೇಕು, ಹಿಂದೆ ಖಾಲಿ ಗೋಡೆ ಇರಲಿ. ಹೆಸರು, ಜಾಗ, ಸಮಯವನ್ನು ಕೆಳಗೆ ಬರೆದೂ ಹಾಕಿ.