ಗೋಬರ್ ಗ್ಯಾಸ್ ನಿಲ್ಲದಂತೆ ನಾವು ನಡೆಸುತ್ತಿರುವ ಬಗೆ

ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಅಡುಗೆಯೆಲ್ಲ ಹೆಚ್ಚುಕಡಿಮೆ ಗೋಬರ್ ಗ್ಯಾಸಿನಲ್ಲೇ. 2022ರಲ್ಲಿ ಸಿಲಿಂಡರ್ ಬೆಲೆ ಸಾವಿರ ರೂಪಾಯಿ ದಾಟಿದಾಗ, ತಮ್ಮಲ್ಲೂ ಒಂದು ಕಟ್ಟಿಸಬೇಕೆಂದು ವಿಚಾರಿಸಿಕೊಂಡು ಬಂದವರು ಹಲವರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೊಟ್ಟಿಗೆಯ ಲೆಕ್ಕ ಹಾಕಿ. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಅಳತೆಯದಕ್ಕೆ ದಿನವೂ ಸುಮಾರು 50 ಕಿಲೋ ಸಗಣಿ ಬೇಕು. ಅಂದರೆ ಕಟ್ಟಿ ಮೇಯಿಸುವ ನಾಲ್ಕೈದು ದನ. ಬೆಟ್ಟಕ್ಕೆ ಹೋಗುವ ದನದ ಸಗಣಿ ಅರ್ಧ ಬೆಟ್ಟದಲ್ಲೇ ಉಳಿಯುತ್ತದೆ.

ನಾವು ಕಟ್ಟಿಸಿದ್ದು ದೀನಬಂಧು ಮಾದರಿ, ನೆಲದೊಳಗಿನ ಇಟ್ಟಿಗೆ ಗುಮ್ಮಟ. ಕಬ್ಬಿಣದ ಡ್ರಮ್ ಇಲ್ಲ, ಹಾಗಾಗಿ ತುಕ್ಕಿನ ಭಯವಿಲ್ಲ. ಆದರೆ ಒಳಗಿನ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗ್ಯಾಸ್ ಸೋರುತ್ತದೆ. ಇದೇ ಕೆಲಸ ಮಾಡಿ ಗೊತ್ತಿರುವ ಮೇಸ್ತ್ರಿಯನ್ನೇ ಹುಡುಕಿ, ಕೂಲಿ ಹೆಚ್ಚಾದರೂ ಚಿಂತೆಯಿಲ್ಲ.

ಸಗಣಿಗೆ ಸಮನಾಗಿ ನೀರು ಬೆರೆಸಿ, ಗಂಟು ಒಡೆದು, ಹುಲ್ಲುಕಡ್ಡಿ ತೆಗೆದು ಗುಂಡಿಗೆ ಬಿಡುತ್ತೇವೆ. ಕೊಟ್ಟಿಗೆಗೆ ಫಿನೈಲ್ ಹಾಕಿ ತೊಳೆದ ನೀರು ಮಾತ್ರ ಒಳಗೆ ಹೋಗಕೂಡದು. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಶುರುವಿನಲ್ಲಿ ಬರುವ ಗ್ಯಾಸಿನಲ್ಲಿ ಮೀಥೇನ್ ಕಡಿಮೆ ಇರುವುದರಿಂದ ಹೊತ್ತಿಕೊಳ್ಳುವುದಿಲ್ಲ. ಅದನ್ನು ಹೊರಗೇ ಬಿಟ್ಟುಬಿಡಬೇಕು. ಒಲೆಯ ಉರಿ ಕುಣಿಯತೊಡಗಿತೆಂದರೆ ಪೈಪಿನಲ್ಲಿ ನೀರು ಕಟ್ಟಿದೆ ಎಂದರ್ಥ. ತಗ್ಗಿನಲ್ಲಿ ಒಂದು ನಲ್ಲಿ ಇಟ್ಟರೆ ತಿರುಗಿಸಿ ಬಸಿಯಬಹುದು.

ಮಳೆಗಾಲದ ಥಂಡಿಗೆ ಗ್ಯಾಸ್ ಇಳಿಯುತ್ತದೆ. ಆಗ ಬಿಸಿನೀರಿನಲ್ಲಿ ಸಗಣಿ ಕದಡುತ್ತೇನೆ. ಆದರೂ ಸಿಲಿಂಡರ್ ಒಂದು ಮನೆಯಲ್ಲಿ ಇದ್ದೇ ಇದೆ. ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಹೊರಗಿನಿಂದ ಬರಬೇಕು. ಅದನ್ನು ನಮ್ಮ ಮನೆಯಲ್ಲಿ ಇಷ್ಟಾದರೂ ಕಡಿಮೆ ಮಾಡಿದ್ದೇವೆ ಎಂಬ ಸಮಾಧಾನ ನನಗಿದೆ.

ಗ್ಯಾಸ್ ಒಂದನ್ನೇ ನೋಡಿ ಕಟ್ಟಿಸಿದ ಎಷ್ಟೋ ಮನೆಗಳಲ್ಲಿ ಗುಂಡಿ ಬತ್ತಿದೆ. ನಮ್ಮದು ನಿಲ್ಲದೆ ನಡೆದದ್ದು ಸ್ಲರಿಯಿಂದ, ಅಂದರೆ ಗ್ಯಾಸ್ ಕೊಟ್ಟ ಮೇಲೆ ಗುಂಡಿಯಿಂದ ಹೊರಬರುವ ಸಗಣಿ ರಾಡಿಯಿಂದ. ಅದನ್ನು ದರಕಿನ (ಉದುರಿದ ಒಣ ಎಲೆಯ) ಮೇಲೆ ಹರಿಸಿ, ಕೊಳೆಸಿ ಅಡಿಕೆ ಬುಡಕ್ಕೆ ಹಾಕುತ್ತೇವೆ. ಕೊಳ್ಳುವ ಗೊಬ್ಬರ ಅಷ್ಟು ಕಡಿಮೆಯಾಯಿತು. ಈಗ ಮನೆಯಲ್ಲಿ ದನ ಕಡಿಮೆ. ಪಕ್ಕದ ಮನೆಯವರು ಸಗಣಿ ಕೊಡುತ್ತಾರೆ, ನಾವು ಅವರ ತೋಟಕ್ಕೆ ಸ್ಲರಿ ಬಿಡುತ್ತೇವೆ. ದುಡ್ಡಿನ ಮಾತಿಲ್ಲ.