3ನೇ ಇಂಡೆಕ್ಸಿನ ವಿಸಿಪಿಯುಗೆ ಎಪಿಐಸಿ ಐಡಿ 4 ಯಾಕೆ?

ವರ್ಚುವಲ್ ಮಷೀನ್ ಓಡಿಸೋ ಸಾಫ್ಟ್‌ವೇರ್ ಕ್ಯೂಎಮುನಲ್ಲಿ 2 ಸಾಕೆಟ್, ಸಾಕೆಟ್‌ಗೆ 3 ಕೋರ್ ಅಂತ 6 ವಿಸಿಪಿಯು (ವರ್ಚುವಲ್ ಸಿಪಿಯು) ಕೊಟ್ಟು ಲಿನಕ್ಸ್ ಗೆಸ್ಟ್ (ಅಂದ್ರೆ ವರ್ಚುವಲ್ ಮಷೀನ್) ಶುರು ಮಾಡಿ. ಒಳಗೆ ಸಿಪಿಯುಇನ್ಫೋ ಫೈಲ್ ತೆರೆದು ಎಪಿಐಸಿ ಐಡಿ ಸಾಲುಗಳನ್ನು ನೋಡಿ: 0, 1, 2, 4, 5, 6. 3 ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಪ್ರತಿ ವಿಸಿಪಿಯುಗೂ ಎರಡು ನಂಬರ್ ಇರುತ್ತವೆ. ಒಂದು ಸಾಫ್ಟ್‌ವೇರ್ 0ಯಿಂದ ಸಾಲಾಗಿ ಎಣಿಸೋ ಇಂಡೆಕ್ಸ್, ಇನ್ನೊಂದು ಗೆಸ್ಟ್‌ಗೆ ಕಾಣೋ ಹಾರ್ಡ್‌ವೇರ್ ಐಡಿ. ಎಕ್ಸ್86 (ಇಂಟೆಲ್, ಎಎಂಡಿ) ಪ್ರೊಸೆಸರ್‌ಗಳಲ್ಲಿ ಈ ಹಾರ್ಡ್‌ವೇರ್ ಐಡಿಯೇ ಎಪಿಐಸಿ ಐಡಿ, ಅದರ ಬಿಟ್‌ಗಳನ್ನು ಸಾಕೆಟ್, ಕೋರ್, ಥ್ರೆಡ್ ಅಂತ ಹಂಚಿರುತ್ತಾರೆ. 3 ಕೋರ್‌ಗೆ 2 ಬಿಟ್ ಬೇಕು, 2 ಬಿಟ್ ಅಂದ್ರೆ 4 ಜಾಗ, ಹಾಗಾಗಿ ಒಂದು ಜಾಗ ಖಾಲಿ ಉಳಿದು ಎರಡನೇ ಸಾಕೆಟ್ 4ರಿಂದ ಶುರುವಾಗುತ್ತೆ.

ಆರ್ಮ್ ಪ್ರೊಸೆಸರ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಕೆವಿಎಂ (ಲಿನಕ್ಸ್ ಕರ್ನಲ್‌ನ ವರ್ಚುವಲೈಸೇಶನ್ ಭಾಗ) ವಿಸಿಪಿಯುಗಳನ್ನು 16-16ರ ಗುಂಪು ಮಾಡುತ್ತೆ, ಯಾಕಂದ್ರೆ ಒಂದು ಕೋರ್ ಇನ್ನೊಂದಕ್ಕೆ ಇಂಟರಪ್ಟ್ ಕಳಿಸುವಾಗ ಗುರಿ ಗುರುತಿಸೋಕೆ ಇರೋದು ಕೋರ್‌ಗೆ ಒಂದರಂತೆ 16 ಬಿಟ್. ಗುಂಪಿನ ನಂಬರ್ ಐಡಿಯ ಮುಂದಿನ ಬೈಟ್‌ಗೆ ಹೋಗುತ್ತೆ. ಇಂಡೆಕ್ಸ್ 15ರ ನಂತರ ಬರೋ ವಿಸಿಪಿಯುನ ಐಡಿ ಹೆಕ್ಸ್‌ನಲ್ಲಿ 100, ಅಂದ್ರೆ 256! ಐಬಿಎಂನ ಪವರ್ ಪ್ರೊಸೆಸರ್‌ನಲ್ಲಿ ವಿಎಸ್‌ಎಂಟಿ (ಪ್ರತಿ ಕೋರ್‌ಗೆ ಎಷ್ಟು ಐಡಿ ಕಾಯ್ದಿಡಬೇಕು ಅನ್ನೋ ಸೆಟ್ಟಿಂಗ್) 8 ಇಟ್ಟು ಕೋರ್‌ಗೆ ಒಂದೇ ಥ್ರೆಡ್ ಕೊಟ್ಟರೆ ಐಡಿಗಳು 0, 8, 16 ಅಂತ ಹಾರಿಕೊಂಡು ಹೋಗುತ್ತವೆ.

ಈಗ ಕೆಲಸದ ಮಾತು. ವಿಸಿಪಿಯುವನ್ನು ಹೋಸ್ಟ್ (ಗೆಸ್ಟ್ ಓಡ್ತಿರೋ ನಿಜವಾದ ಮಷೀನ್) ಕೋರ್‌ಗೆ ಕಟ್ಟಬೇಕಾದರೆ, ವರ್ಚುವಲ್ ಮಷೀನ್ ನಿರ್ವಹಿಸೋ ಲಿಬ್‌ವರ್ಟ್‌ನ ಕಮಾಂಡ್ ಟೂಲ್ ಆದ ವರ್ಶ್‌ನ ವಿಸಿಪಿಯುಪಿನ್ ಕಮಾಂಡ್‌ಗೆ ಇಂಡೆಕ್ಸ್ ಕೊಡಿ, ಎಪಿಐಸಿ ಐಡಿ ಅಲ್ಲ. ಲಿಬ್‌ವರ್ಟ್ ಇಲ್ಲದೆ ಕ್ಯೂಎಮು ಮಾತ್ರ ಓಡಿಸ್ತಿದ್ದರೆ ಕ್ಯೂಎಂಪಿಯಲ್ಲಿ (ಓಡ್ತಿರೋ ಕ್ಯೂಎಮುಗೆ ಕಮಾಂಡ್ ಕಳಿಸೋ ದಾರಿ) ಕ್ವೆರಿ-ಸಿಪಿಯುಸ್-ಫಾಸ್ಟ್ ಕೇಳಿ. ಇಲ್ಲಿ ಸ್ವಲ್ಪ ನಿಧಾನ. ಉತ್ತರದಲ್ಲಿ ಥ್ರೆಡ್-ಐಡಿ ಅನ್ನೋ ಹೆಸರು ಎರಡು ಕಡೆ ಬರುತ್ತೆ. ಹೊರಗಿರೋದು ಹೋಸ್ಟ್‌ನ ಥ್ರೆಡ್ ನಂಬರ್, ಥ್ರೆಡ್ಡನ್ನು ಕೋರ್‌ಗೆ ಕಟ್ಟೋ ಲಿನಕ್ಸ್ ಕಮಾಂಡ್ ಟಾಸ್ಕ್‌ಸೆಟ್‌ಗೆ ಅದೇ ಬೇಕು. ಪ್ರಾಪ್ಸ್ ಒಳಗಿರೋದು ಗೆಸ್ಟ್ ಕೋರ್‌ನಲ್ಲಿ ಅದು ಎಷ್ಟನೇ ಥ್ರೆಡ್ ಅನ್ನೋದು, ಅದು ಬಹಳ ಸಲ ಸುಮ್ನೆ 0 ಇರುತ್ತೆ. ಹೆಸರು ಒಂದೇ ಆದ್ದರಿಂದ ಇವೆರಡನ್ನು ಅದಲುಬದಲು ಮಾಡೋದು ತುಂಬಾ ಸುಲಭ, ಅಲ್ವಾ?

ಓಡ್ತಿರೋ ಗೆಸ್ಟ್‌ಗೆ ಹೊಸ ವಿಸಿಪಿಯು ಸೇರಿಸುವಾಗ ಐಡಿಯನ್ನು ಊಹಿಸಬೇಡಿ. ಕ್ಯೂಎಮುವಿನ ಮಾನಿಟರ್‌ನಲ್ಲಿ (ಅದರ ಕಮಾಂಡ್ ಕನ್ಸೋಲ್) ಇನ್ಫೋ ಹಾಟ್‌ಪ್ಲಗಬಲ್-ಸಿಪಿಯುಸ್ ಕೊಟ್ಟು, ಖಾಲಿ ಇರೋ ಜಾಗದ ಟೈಪ್ ಮತ್ತು ಅಲ್ಲಿ ತೋರಿಸಿದ ಸಾಕೆಟ್, ಕೋರ್, ಥ್ರೆಡ್ ನಂಬರ್‌ಗಳನ್ನು ಹಾಗೇ ಡಿವೈಸ್-ಆಡ್ ಕಮಾಂಡ್‌ಗೆ ಹಾಕಿ.